ರಥಬೀದಿಯ ಸುತ್ತಲಿನ ದೊಡ್ಡ ಮನೆಗಳು ಬಾಡಿಗೆಗೆ ಯಾಕೆ ಬರುವುದಿಲ್ಲ

ಮಂಗಳೂರಿನ ಹಳೆಯ ಪೇಟೆಯಲ್ಲಿ, ಅಂದರೆ ರಥಬೀದಿ, ಭವಂತಿ ಸ್ಟ್ರೀಟ್, ಡೊಂಗರಕೇರಿ, ಅಳಕೆ, ಮಣ್ಣಗುಡ್ಡೆ, ಬೋಳಾರ, ಜೆಪ್ಪು ಮುಂತಾದ ಕಡೆಗಳಲ್ಲಿ, ಮೂರು ನಾಲ್ಕು ಕೋಣೆಗಳ ವಿಶಾಲವಾದ ಮನೆಯನ್ನು ಬಾಡಿಗೆಗೆ ಹುಡುಕುವವರು ಒಂದು ವಿಚಿತ್ರ ಸ್ಥಿತಿಯನ್ನು ಎದುರಿಸುತ್ತಾರೆ. ಬೀದಿಯಲ್ಲಿ ನಡೆದರೆ ಬೀಗ ಹಾಕಿದ ಉಪ್ಪರಿಗೆ ಮನೆಗಳು, ಕಿಟಕಿ ತೆರೆಯದ ಹಳೆಯ ಫ್ಲ್ಯಾಟುಗಳು ಕಣ್ಣಿಗೆ ಬೀಳುತ್ತಲೇ ಇರುತ್ತವೆ. ಬ್ರೋಕರ್‌ನಲ್ಲಿ ಕೇಳಿದರೆ ಮಾತ್ರ ಆ ಭಾಗದಲ್ಲಿ ದೊಡ್ಡ ಮನೆ ಯಾವುದೂ ಇಲ್ಲ, ಬೇಕಾದರೆ ಕೊಟ್ಟಾರದಲ್ಲೋ ಕುಲಶೇಖರದಲ್ಲೋ ಎರಡು ಕೋಣೆಯ ಹೊಸ ಫ್ಲ್ಯಾಟ್ ತೋರಿಸುತ್ತೇನೆ ಎಂಬ ಉತ್ತರ ಬರುತ್ತದೆ. ಮನೆಗಳು ಇವೆ, ಬೇಕೆನ್ನುವವರೂ ಇದ್ದಾರೆ, ಆದರೂ ವ್ಯವಹಾರ ಕುದುರುವುದಿಲ್ಲ. ಇದನ್ನು ಜಾಗದ ಕೊರತೆ ಎಂದು ವಿವರಿಸುವುದು ಸುಲಭ. ನನಗೆ ಕಾಣುವಂತೆ ತೊಡಕು ಇರುವುದು ನಾವು ಬಾಡಿಗೆಗೆ ಬಳಸುತ್ತಿರುವ ಕರಾರಿನ ಸ್ವರೂಪದಲ್ಲಿ, ಅದರ ಹಿಂದಿರುವ ಒಡೆತನದ ಗೋಜಲಿನಲ್ಲಿ ಮತ್ತು ದುರಸ್ತಿಯ ಲೆಕ್ಕಾಚಾರದಲ್ಲಿ.

ಹಳೆಯ ಪೇಟೆಯಲ್ಲಿ ವಾಸಿಸುವ ಆಸೆ ಕೇವಲ ಹಳತಿನ ಮೋಹವಲ್ಲ ಎಂಬುದನ್ನು ಮೊದಲು ಒಪ್ಪಿಕೊಳ್ಳಬೇಕು. ಸ್ಟೇಟ್‌ಬ್ಯಾಂಕ್ ಬಸ್ ನಿಲ್ದಾಣ, ಸೆಂಟ್ರಲ್ ರೈಲು ನಿಲ್ದಾಣ, ವೆನ್ಲಾಕ್ ಆಸ್ಪತ್ರೆ, ಹಂಪನಕಟ್ಟೆಯ ಅಂಗಡಿಗಳು, ಬಂದರಿನ ಸಗಟು ವ್ಯಾಪಾರ, ದಕ್ಕೆಯ ಮೀನು, ದೇವಸ್ಥಾನ, ಇಗರ್ಜಿ, ಮಸೀದಿ, ಇವೆಲ್ಲವೂ ಇಲ್ಲಿ ಕಾಲ್ನಡಿಗೆಯ ಇಲ್ಲವೇ ಐದು ನಿಮಿಷದ ರಿಕ್ಷಾದ ದೂರದಲ್ಲಿವೆ. 1891ರಲ್ಲಿ ಅಮ್ಮೆಂಬಳ ಸುಬ್ಬರಾವ್ ಪೈಗಳು ಆರಂಭಿಸಿದ ಕೆನರಾ ಹೈಸ್ಕೂಲಿನಂತಹ ಶಾಲೆಗಳಿಗೆ ಮಕ್ಕಳು ಇಂದಿಗೂ ನಡೆದೇ ಹೋಗಬಹುದು. ವಯಸ್ಸಾದ ತಂದೆ ತಾಯಿ, ದುಡಿಯುವ ದಂಪತಿ, ಓದುವ ಮಕ್ಕಳು ಒಂದೇ ಸೂರಿನಡಿ ಇರುವ ಕುಟುಂಬಕ್ಕೆ ಎರಡು ಕೋಣೆಯ ಫ್ಲ್ಯಾಟ್ ಸಾಲದು. ಊರ ಹೊರಗಿನ ದೊಡ್ಡ ಮನೆ ಸಿಕ್ಕರೂ ಹಿರಿಯರು ಅಲ್ಲಿ ಬೇರೆಯವರ ವಾಹನವನ್ನೇ ಕಾಯುತ್ತ ಕೂರಬೇಕಾಗುತ್ತದೆ. ತಾವೇ ಹೊರಟು ದೇವಸ್ಥಾನಕ್ಕೆ, ಔಷಧದಂಗಡಿಗೆ, ಗೆಳೆಯರ ಮನೆಗೆ ಹೋಗಿ ಬರಬಹುದಾದ ಬದುಕನ್ನು ಹಿರಿಯರಿಗೆ ಕೊಡುವ ಜಾಗಗಳು ನಮ್ಮ ನಗರದಲ್ಲಿ ಬೆರಳೆಣಿಕೆಯಷ್ಟೇ ಉಳಿದಿವೆ. ಆದ್ದರಿಂದಲೇ ಈ ಪ್ರಶ್ನೆಗೆ ಬಾಡಿಗೆದಾರರ ಅನುಕೂಲವನ್ನು ಮೀರಿದ ಮಹತ್ವವಿದೆ.

ಇಲ್ಲಿ ಸಿಗಬಹುದಾದ ವಿಶಾಲ ಮನೆಗಳಲ್ಲಿ ಮುಖ್ಯವಾಗಿ ಮೂರು ಬಗೆಗಳಿವೆ. ಒಂದು, ಕೆಂಪುಕಲ್ಲಿನ ದಪ್ಪ ಗೋಡೆ, ಮರದ ಮುಚ್ಚಿಗೆ, ಹಂಚಿನ ಮಾಡು, ಮುಂದೆ ಜಗಲಿ, ಹಿಂದೆ ಬಾವಿ ಇರುವ ಹಳೆಯ ಉಪ್ಪರಿಗೆ ಮನೆ. ಇನ್ನೊಂದು, ನಗರದಲ್ಲಿ ಫ್ಲ್ಯಾಟ್ ಜೀವನ ಆರಂಭವಾದ ಕಾಲದ, ಮೂರು ನಾಲ್ಕು ಅಂತಸ್ತಿನ, ಬಹಳ ಕಡೆ ಲಿಫ್ಟ್ ಇಲ್ಲದ ಕಟ್ಟಡಗಳಲ್ಲಿನ ದೊಡ್ಡ ಫ್ಲ್ಯಾಟ್. ಮತ್ತೊಂದು, ಹಳೆಯ ಮನೆ ಕೆಡವಿದ ಜಾಗದಲ್ಲಿ ಎದ್ದ ಹೊಸ ಬಹುಮಹಡಿ ಕಟ್ಟಡದ ಫ್ಲ್ಯಾಟ್. ಮೂರನ್ನೂ ಜಾಹೀರಾತಿನಲ್ಲಿ ವಿಶಾಲ ಎಂದೇ ಕರೆಯುತ್ತಾರೆ, ಆದರೆ ಅಳತೆಯ ಭಾಷೆ ಒಂದೊಂದಕ್ಕೆ ಒಂದೊಂದು. ಹೊಸ ಕಟ್ಟಡದಲ್ಲಿ 1,500 ಚದರಡಿ ಎಂದರೆ ಸಾಮಾನ್ಯವಾಗಿ ಸೂಪರ್ ಬಿಲ್ಟ್‌ಅಪ್ ಅಳತೆ. ಅದರಲ್ಲಿ ಮೆಟ್ಟಿಲು, ಲಿಫ್ಟ್, ಮೊಗಸಾಲೆಯ ಪಾಲೂ ಸೇರಿರುತ್ತದೆ. ಕಾಲಿಡಲು ಸಿಗುವ ಕಾರ್ಪೆಟ್ ಅಳತೆ ಅದಕ್ಕಿಂತ ಕಾಲು ಭಾಗದಿಂದ ಮೂರನೇ ಒಂದು ಭಾಗದಷ್ಟು ಕಡಿಮೆ ಇರುವುದು ವಾಡಿಕೆ, ಅಂದರೆ 1,000ದಿಂದ 1,125 ಚದರಡಿ. 2016ರ ರಿಯಲ್ ಎಸ್ಟೇಟ್ ನಿಯಂತ್ರಣ ಕಾಯ್ದೆ ಕಾರ್ಪೆಟ್ ಅಳತೆಗೆ ಸ್ಪಷ್ಟ ವ್ಯಾಖ್ಯೆ ಕೊಟ್ಟಿರುವುದು ನಿಜ. ಆದರೆ ಅದು ಹೊಸ ಯೋಜನೆಗಳ ಮಾರಾಟಕ್ಕೆ ಸಂಬಂಧಿಸಿದ್ದು, ಬಾಡಿಗೆಯ ಜಾಹೀರಾತಿಗೆ ಅದರ ಕಟ್ಟುಪಾಡು ಇಲ್ಲ. ಹಳೆಯ ಮನೆಗಳವರು ಸೆಂಟ್ಸ್ ಲೆಕ್ಕದಲ್ಲಿ ಮಾತಾಡುತ್ತಾರೆ. ಒಂದು ಸೆಂಟ್ಸ್ ಅಂದರೆ 435.6 ಚದರಡಿ, ಆದರೆ ಅದು ಅಡಿಸ್ಥಳದ ಅಳತೆಯೇ ಹೊರತು ಮನೆಯದಲ್ಲ. ಯಾವ ಮನೆಯಾದರೂ ಟೇಪು ಹಿಡಿದು ಕೋಣೆ ಕೋಣೆ ಅಳೆದ ಬಳಿಕವೇ ಬಾಡಿಗೆಯ ಮಾತು ಆಡುವುದು ಒಳ್ಳೆಯದು.

ಇನ್ನು ಬೀಗ ಹಾಕಿದ ಮನೆಗಳ ವಿಷಯ. ಖಾಲಿ ಮನೆಯನ್ನು ಕಂಡಾಗ ಮಾಲಕರಿಗೆ ಬಾಡಿಗೆಯ ಹಣ ಬೇಡವೇನೋ ಎಂದು ಹೊರಗಿನವರಿಗೆ ಅನಿಸಬಹುದು. ವಾಸ್ತವದಲ್ಲಿ ಬಹಳಷ್ಟು ಮನೆಗಳಿಗೆ ಹೌದು ಅಥವಾ ಇಲ್ಲ ಎಂದು ಹೇಳಬಲ್ಲ ಒಬ್ಬ ಮಾಲಕನೇ ಇರುವುದಿಲ್ಲ. ಕರಾವಳಿಯ ಬಂಟ, ಬಿಲ್ಲವ ಮೊದಲಾದ ಸಮುದಾಯಗಳಲ್ಲಿ ಅಳಿಯಸಂತಾನ, ಅಂದರೆ ಹೆಣ್ಣಿನ ಸಂತತಿಯ ಮೂಲಕ ಹಕ್ಕು ಸಾಗುವ ಪದ್ಧತಿಯಂತೆ ಆಸ್ತಿ ಇಡೀ ಕುಟುಂಬದ್ದಾಗಿತ್ತು. 1949ರ ಮದ್ರಾಸ್ ಅಳಿಯಸಂತಾನ ಕಾಯ್ದೆ ಮತ್ತು 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯ ಬಳಿಕ ಆ ಆಸ್ತಿ ಪಾಲುಗಳಾಗಿ ಒಡೆಯತೊಡಗಿತು. ಪೇಟೆಯ ಕೊಂಕಣಿ ಮನೆತನಗಳಲ್ಲಿ ಅವಿಭಕ್ತ ಕುಟುಂಬದ ಮಕ್ಕಳು ಮುಂಬೈ, ಬೆಂಗಳೂರುಗಳಲ್ಲಿ ನೆಲೆಸಿದರು. ಕ್ರೈಸ್ತ ಹಾಗೂ ಬ್ಯಾರಿ ಕುಟುಂಬಗಳ ಎರಡು ಮೂರು ತಲೆಮಾರು ಗಲ್ಫಿನಲ್ಲಿ ದುಡಿಯಿತು. ಕಟ್ಟಿಸಿದ ಹಿರಿಯರು ತೀರಿಕೊಂಡು ಪಾಲುಪಟ್ಟಿ ಆಗದೆ ಉಳಿದ ಮನೆಗೆ ಹತ್ತು ಹನ್ನೆರಡು ಮಂದಿ ಹಕ್ಕುದಾರರು ಇರುವುದು ಇಲ್ಲಿ ಅಪರೂಪವೇನಲ್ಲ. ಅವರಲ್ಲಿ ಒಬ್ಬರು ಊರಲ್ಲಿದ್ದು ಬಾಡಿಗೆಗೆ ಕೊಡಲು ಸಿದ್ಧರಿದ್ದರೂ ಉಳಿದವರ ಒಪ್ಪಿಗೆಯಿಲ್ಲದೆ ಇಡೀ ಮನೆಯನ್ನು ಕೊಡುವ ಅಧಿಕಾರ ಅವರಿಗಿಲ್ಲ. ಒಬ್ಬರು ಬಾಡಿಗೆ ತೆಗೆದುಕೊಂಡರೆ ನಾಳೆ ಪಾಲಿನ ದಾವೆಯಲ್ಲಿ ಅದೇ ವಿವಾದದ ವಸ್ತುವಾಗಬಹುದು. ಹೀಗಾಗಿ ಯಾರೂ ಬೀಗ ಹಾಕಬೇಕೆಂದು ತೀರ್ಮಾನಿಸದಿದ್ದರೂ ಮನೆ ಬೀಗ ಹಾಕಿಕೊಂಡೇ ಉಳಿಯುತ್ತದೆ.

ಇದರ ಮೇಲೆ ಮೂಲಗೇಣಿಯ ತೊಡಕೂ ಇದೆ. ದಕ್ಷಿಣ ಕನ್ನಡ ಮತ್ತು ಉಡುಪಿ ಜಿಲ್ಲೆಗಳ ಪೇಟೆಗಳಲ್ಲಿ ಮನೆ ಒಬ್ಬರದು, ಅದು ನಿಂತ ಜಾಗ ಇನ್ನೊಬ್ಬರದು ಎಂಬ ಸ್ಥಿತಿ ತಲೆಮಾರುಗಳಿಂದ ನಡೆದು ಬಂದಿದೆ. ಶಾಶ್ವತ ಗೇಣಿಯ ಮೇಲೆ ಜಾಗ ಪಡೆದು ಮನೆ ಕಟ್ಟಿಕೊಂಡವರು ವರ್ಷಕ್ಕೊಂದು ಸಣ್ಣ ಮೊತ್ತವನ್ನು ಮೂಲಿದಾರರಿಗೆ, ಅಂದರೆ ಜಾಗದ ಒಡೆಯರಿಗೆ, ಕೊಡುತ್ತ ಬಂದರು. 1974ರ ಭೂಸುಧಾರಣೆ ಕೃಷಿ ಭೂಮಿಗೆ ಸಂಬಂಧಿಸಿದ್ದಾದ್ದರಿಂದ ಪೇಟೆಯ ಮನೆ ಅಡಿಸ್ಥಳಗಳು ಅದರ ಹೊರಗೇ ಉಳಿದವು. ನಿಗದಿತ ಮೊತ್ತ ಸಂದಾಯ ಮಾಡಿ ಮೂಲಗೇಣಿದಾರರು ಪೂರ್ಣ ಒಡೆತನ ಪಡೆಯಲು ಅವಕಾಶ ಕೊಡುವ ಪ್ರತ್ಯೇಕ ಕಾಯ್ದೆಯನ್ನು ರಾಜ್ಯವು 2011ರಲ್ಲಿ ರೂಪಿಸಿತು. ಬಾಡಿಗೆದಾರನಿಗೆ ಇದರಿಂದ ನೇರ ತೊಂದರೆ ಇಲ್ಲದಿದ್ದರೂ, ದಾಖಲೆ ಯಾರ ಹೆಸರಿನಲ್ಲಿದೆ, ಮನೆ ತೆರಿಗೆಯನ್ನು ಯಾರು ಕಟ್ಟುತ್ತಿದ್ದಾರೆ ಎಂದು ಕರಾರಿಗೆ ಮುನ್ನ ನೋಡಿಕೊಳ್ಳುವುದಕ್ಕೆ ಇದು ಸಾಕಷ್ಟು ದೊಡ್ಡ ಕಾರಣ. ಸಾಲಕ್ಕೆ ಅಡವಿಡಲು, ದೊಡ್ಡ ದುರಸ್ತಿಗೆ ಪರವಾನಿಗೆ ಪಡೆಯಲು ಮಾಲಕರಿಗೆ ಆಗುವ ಅಡಚಣೆಯ ಭಾರ ಕಡೆಗೆ ಬೀಳುವುದು ಮನೆಯ ಸ್ಥಿತಿಯ ಮೇಲೆ, ಆ ಮೂಲಕ ಅಲ್ಲಿ ವಾಸಿಸುವವರ ಮೇಲೆ.

ದಾಖಲೆ ಸರಿಯಾಗಿರುವ ಮನೆಗಳೂ ಬಾಡಿಗೆಗೆ ಬಾರದಿರಲು ಇನ್ನೊಂದು ಕಾರಣ ಭಯ. ಈ ಭಯಕ್ಕೆ ಇತಿಹಾಸವಿದೆ. ಭೂಸುಧಾರಣಾ ಕಾಯ್ದೆಗೆ ದೇವರಾಜ ಅರಸರ ಸರಕಾರ ತಂದ ತಿದ್ದುಪಡಿ 1974ರ ಮಾರ್ಚ್ 1ರಿಂದ ಜಾರಿಗೆ ಬಂದಾಗ, ಗೇಣಿ ಪದ್ಧತಿ ಬಹಳ ದಟ್ಟವಾಗಿದ್ದ ಅವಿಭಜಿತ ದಕ್ಷಿಣ ಕನ್ನಡದಲ್ಲಿ ಅದು ತಂದ ಬದಲಾವಣೆ ಆಳವಾದದ್ದು. ಗೇಣಿದಾರರು ಡಿಕ್ಲರೇಶನ್ ಕೊಟ್ಟು, ಭೂ ನ್ಯಾಯಮಂಡಳಿಯ ಮುಂದೆ ನಿಂತು, ತಾವು ಉಳುತ್ತಿದ್ದ ಭೂಮಿಗೆ ಒಡೆಯರಾದರು. ಅದೊಂದು ನ್ಯಾಯದ ಕೆಲಸವೆಂದೇ ನನ್ನ ದೃಢ ಅಭಿಪ್ರಾಯ. ಆದರೆ ಭೂಮಿ ಕಳೆದುಕೊಂಡ ಕುಟುಂಬಗಳಲ್ಲಿ ಕೊಟ್ಟದ್ದು ಮರಳಿ ಬಾರದು ಎಂಬ ಮಾತು ಮನೆ ಬಾಡಿಗೆಯ ವಿಷಯಕ್ಕೂ ಹಬ್ಬಿಕೊಂಡಿತು. 1961ರ ರಾಜ್ಯ ಬಾಡಿಗೆ ನಿಯಂತ್ರಣ ಕಾಯ್ದೆಯ ಅಡಿಯಲ್ಲಿ ವರ್ಷಗಟ್ಟಲೆ ನಡೆದ ತೆರವಿನ ದಾವೆಗಳು ಅದಕ್ಕೆ ಪುಷ್ಟಿ ಕೊಟ್ಟವು.

ಇಂದಿನ ಕಾನೂನು ಹಾಗಿಲ್ಲ. 1961ರ ಕಾಯ್ದೆಯ ಜಾಗಕ್ಕೆ ಬಂದ 1999ರ ಕರ್ನಾಟಕ ಬಾಡಿಗೆ ಕಾಯ್ದೆಯು 2001ರ ಡಿಸೆಂಬರ್ 31ರಂದು ಜಾರಿಗೆ ಬಂತು. ಪ್ರದೇಶವನ್ನು ಅನುಸರಿಸಿ ತಿಂಗಳಿಗೆ 3,500 ರೂಪಾಯಿ ಅಥವಾ 2,000 ರೂಪಾಯಿಗಿಂತ ಹೆಚ್ಚಿನ ಬಾಡಿಗೆಯ ಕಟ್ಟಡಗಳು ಆ ಕಾಯ್ದೆಯ ವ್ಯಾಪ್ತಿಯಿಂದಲೇ ಹೊರಗಿವೆ. ಆ ಮಿತಿಯೊಳಗೆ ಇವತ್ತು ದೊಡ್ಡ ಮನೆ ಇರಲಿ, ಒಂದು ಕೋಣೆಯೂ ಸಿಗುವುದು ಕಷ್ಟ. ಆದ್ದರಿಂದ ಹೊಸದಾಗಿ ಕೊಡುವ ದೊಡ್ಡ ಮನೆಗಳ ಬಾಡಿಗೆಯೆಲ್ಲ 1882ರ ಸ್ವತ್ತು ವರ್ಗಾವಣೆ ಕಾಯ್ದೆ ಮತ್ತು ಎರಡೂ ಕಡೆಯವರು ಬರೆದುಕೊಂಡ ಕರಾರಿನ ಮೇಲೆಯೇ ನಿಂತಿರುತ್ತದೆ. ಕರಾರಿನಲ್ಲಿ ಬೇರೆ ಮಾತು ಇಲ್ಲದಿದ್ದರೆ ತಿಂಗಳ ಬಾಡಿಗೆಯ ವಾಸವನ್ನು 15 ದಿನಗಳ ನೋಟಿಸಿನಿಂದ ಕೊನೆಗೊಳಿಸಬಹುದು. ಬಾಡಿಗೆದಾರ ಮನೆಯನ್ನೇ ತನ್ನದಾಗಿಸಿಕೊಂಡಾನು ಎಂಬ ಭಯಕ್ಕೆ ಇವತ್ತಿನ ಕಾನೂನಿನಲ್ಲಿ ಆಧಾರ ಕಡಿಮೆ. ಸಿವಿಲ್ ದಾವೆ ತಡವಾಗುತ್ತದೆ ಎಂಬ ಭಯಕ್ಕೆ ಆಧಾರವಿದೆ, ಮತ್ತು ಎರಡೂ ಭಯಗಳು ಒಂದರೊಳಗೊಂದು ಬೆರೆತುಹೋಗಿವೆ.

ಈ ಭಯದಿಂದ ಹುಟ್ಟಿದ್ದೇ ಹನ್ನೊಂದು ತಿಂಗಳ ಕರಾರು. ಒಂದು ವರ್ಷ ಮೀರಿದ ಅವಧಿಯ ಬಾಡಿಗೆ ಕರಾರನ್ನು ಸ್ವತ್ತು ವರ್ಗಾವಣೆ ಕಾಯ್ದೆ ಮತ್ತು 1908ರ ನೋಂದಣಿ ಕಾಯ್ದೆಯ ಪ್ರಕಾರ ನೋಂದಾಯಿಸಲೇಬೇಕು. ಉಪನೋಂದಣಾಧಿಕಾರಿಯ ಕಚೇರಿಗೆ ಹೋಗುವ ಕೆಲಸ, ಮುದ್ರಾಂಕ ಶುಲ್ಕ, ಎಲ್ಲ ಹಕ್ಕುದಾರರ ಸಹಿ, ಇವನ್ನು ತಪ್ಪಿಸಿಕೊಳ್ಳಲು ವರ್ಷಕ್ಕೆ ಒಂದು ತಿಂಗಳು ಕಡಿಮೆ ಬರೆದು ನವೀಕರಿಸುತ್ತ ಹೋಗುವುದು ದೇಶದಾದ್ಯಂತ ರೂಢಿಯಾಗಿದೆ. ಹೊಸ ಫ್ಲ್ಯಾಟಿನಲ್ಲಿ ಎರಡು ವರ್ಷ ಇದ್ದು ವರ್ಗವಾಗಿ ಹೋಗುವ ಬ್ಯಾಂಕ್ ಅಧಿಕಾರಿಗೆ ಈ ಕರಾರು ಸಾಕಾಗುತ್ತದೆ. ನೂರು ವರ್ಷ ಹಳೆಯ ಮನೆಗೆ ಸಾಕಾಗುವುದಿಲ್ಲ. ಅಂತಹ ಮನೆಯಲ್ಲಿ ಇರುವವರು ಸಣ್ಣಪುಟ್ಟ ಕೆಲಸಕ್ಕೆ ಕೈಯಿಂದ ಹಣ ಹಾಕಬೇಕು, ನೆರೆಕರೆಯನ್ನು ಬೆಳೆಸಿಕೊಳ್ಳಬೇಕು, ಮಳೆಗಾಲದಲ್ಲಿ ಮಾಡಿನ ಸ್ವಭಾವವನ್ನು ಅರಿಯಬೇಕು. ಮುಂದಿನ ವರ್ಷ ಇರುತ್ತೇನೋ ಇಲ್ಲವೋ ಎಂಬ ಅನಿಶ್ಚಿತತೆಯಲ್ಲಿ ಯಾರೂ ಇದಕ್ಕೆ ಮನಸ್ಸು ಕೊಡಲಾರರು. ಮಾಲಕರೂ ಅಷ್ಟೇ, ಹನ್ನೊಂದು ತಿಂಗಳ ಬಾಡಿಗೆಯನ್ನು ನಂಬಿ ಮಾಡಿನ ಮರಮಟ್ಟು ಬದಲಾಯಿಸಲು ಮುಂದಾಗುವುದಿಲ್ಲ.

ಮಾಡಿನ ವಿಷಯವನ್ನು ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ಹಳೆಯ ಮನೆಯ ಬಾಡಿಗೆಯ ಆರ್ಥಿಕತೆ ನಿಂತಿರುವುದೇ ಅದರ ಮೇಲೆ. ಬಾಸೆಲ್ ಮಿಷನ್ ಜೆಪ್ಪುವಿನಲ್ಲಿ 1865ರಲ್ಲಿ ಹಂಚಿನ ಕಾರ್ಖಾನೆ ಆರಂಭಿಸಿದ ಮೇಲೆ ಮಂಗಳೂರು ಹಂಚು ಪಶ್ಚಿಮ ಕರಾವಳಿಯನ್ನೆಲ್ಲ ಹೊದಿಸಿತು. ವರ್ಷಕ್ಕೆ 3,500 ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುವ ಊರಿಗೆ ಇಳಿಜಾರಾದ, ಗಾಳಿಯಾಡುವ, ಬಿಡಿಬಿಡಿಯಾಗಿ ತೆಗೆದು ಬದಲಾಯಿಸಬಹುದಾದ ಈ ಮಾಡಿಗಿಂತ ಒಳ್ಳೆಯದನ್ನು ಕಾಂಕ್ರೀಟು ಇನ್ನೂ ತೋರಿಸಿಕೊಟ್ಟಿಲ್ಲ. ಆದರೆ ಅದು ಪ್ರತಿ ವರ್ಷದ ಆರೈಕೆಯನ್ನು ಬಯಸುತ್ತದೆ. ಮೇ ಕೊನೆಯ ಹೊತ್ತಿಗೆ, ಮಳೆಗಾಲದ ಹೊಸ್ತಿಲಲ್ಲಿ ತುಳುನಾಡಿನವರು ಆಚರಿಸುವ ಪತ್ತನಾಜೆ ಬರುವುದರೊಳಗೆ ಹಂಚು ಕೈಯಾಡಿಸಿ, ಒಡೆದದ್ದನ್ನು ತೆಗೆದು, ಕಸ ಗುಡಿಸಿ, ಮಾಡಿನ ನೀರು ಹರಿಸುವ ದಂಬೆ ಸರಿಪಡಿಸಬೇಕು. ಒಂದು ವರ್ಷ ಬಿಟ್ಟರೆ ಸೋರಿದ ನೀರು ಹಂಚನ್ನು ಹೊತ್ತ ಮರದ ಪಟ್ಟಿಯಾದ ರೀಪನ್ನು ನೆನೆಸುತ್ತದೆ, ಎರಡು ಮೂರು ವರ್ಷ ಬಿಟ್ಟರೆ ರೀಪನ್ನು ಹೊತ್ತ ಇಳಿಜಾರು ಮರವಾದ ಪಕಾಸಿಗೆ ಗೆದ್ದಲು ಹತ್ತುತ್ತದೆ, ಆಮೇಲಿನದು ಹಂಚಿನ ಕೆಲಸವಾಗಿ ಉಳಿಯದೆ ಇಡೀ ಮಾಡನ್ನು ಇಳಿಸಿ ಕಟ್ಟುವ ಕೆಲಸವಾಗುತ್ತದೆ. ಮಾಡು ಹತ್ತಲು ಗೊತ್ತಿರುವ ಕೆಲಸದವರು ಕಡಿಮೆಯಾಗಿದ್ದಾರೆ, ಹಂಚಿನ ಕಾರ್ಖಾನೆಗಳು ಒಂದೊಂದಾಗಿ ಮುಚ್ಚಿವೆ, ಅಳತೆಗೆ ಹೊಂದುವ ಹಂಚು ಬೇಕಾದರೆ ಕೆಡವಿದ ಮನೆಗಳದ್ದನ್ನೇ ಹುಡುಕಬೇಕಾದ ಸ್ಥಿತಿ ಎಷ್ಟೋ ಕಡೆ ಇದೆ. ಬೀಗ ಹಾಕಿದ ಮನೆ ಬೇಗ ಹಾಳಾಗುವುದೂ ಇದರಿಂದಲೇ. ಸೋರುವುದನ್ನು ಮೊದಲು ಕಾಣುವವರು ಒಳಗೆ ಮಲಗುವವರು. ಅವರೇ ಇಲ್ಲದಿದ್ದರೆ ಉಪ್ಪರಿಗೆಯ ಮುಚ್ಚಿಗೆ ಕುಸಿದ ಮೇಲಷ್ಟೇ ಯಾರಿಗಾದರೂ ಗೊತ್ತಾಗುತ್ತದೆ.

ಈ ಖರ್ಚು ಯಾರದು? ಸ್ವತ್ತು ವರ್ಗಾವಣೆ ಕಾಯ್ದೆಯ 108ನೇ ಕಲಮು ಬಾಡಿಗೆದಾರನು ಸ್ವತ್ತನ್ನು ತಾನು ಪಡೆದ ಸ್ಥಿತಿಯಲ್ಲೇ, ಸಹಜ ಸವಕಳಿಯನ್ನು ಬಿಟ್ಟು, ಉಳಿಸಿಕೊಂಡು ಮರಳಿಸಬೇಕೆಂದು ಹೇಳುತ್ತದೆ. ಮಾಲಕನು ತಾನು ಮಾಡಬೇಕಾದ ದುರಸ್ತಿಯನ್ನು ನೋಟಿಸು ಕೊಟ್ಟ ಬಳಿಕವೂ ಸಕಾಲದಲ್ಲಿ ಮಾಡದಿದ್ದರೆ ಬಾಡಿಗೆದಾರ ತಾನೇ ಮಾಡಿಸಿ ಅದರ ವೆಚ್ಚವನ್ನು ಬಡ್ಡಿ ಸಹಿತ ಬಾಡಿಗೆಯಿಂದ ಕಳೆಯಬಹುದು ಎಂದೂ ಅದೇ ಕಲಮು ಹೇಳುತ್ತದೆ. ಆದರೆ ಯಾವ ದುರಸ್ತಿ ಮಾಲಕನದು ಎಂಬುದನ್ನು ಹೇಳಬೇಕಾದದ್ದು ಕರಾರು. ನಮ್ಮಲ್ಲಿ ಬಳಕೆಯಲ್ಲಿರುವ ಕರಾರುಗಳಲ್ಲಿ ಬಾಡಿಗೆ, ಮುಂಗಡ, ಗೋಡೆಗೆ ಮೊಳೆ ಹೊಡೆಯಬಾರದು ಎಂಬಲ್ಲಿಗೆ ಮಾತು ಮುಗಿದುಬಿಡುತ್ತದೆ. ಹಂಚು, ಪಕಾಸು, ಗೆದ್ದಲು, ಬಾವಿಯ ಹೂಳು, ಒಳಚರಂಡಿಯ ಸಂಪರ್ಕ ಇವುಗಳಲ್ಲಿ ಒಂದರ ಹೆಸರೂ ಬರುವುದಿಲ್ಲ. ಜಗಳ ಶುರುವಾಗುವುದು ಮಾತ್ರ ನಿಶ್ಚಯವಾಗಿ ಇವುಗಳಿಂದಲೇ.

ತೆರಿಗೆಯ ನಿಯಮ ಈ ಅಸಮತೋಲವನ್ನು ಇನ್ನಷ್ಟು ಹೆಚ್ಚಿಸುತ್ತದೆ. ಮನೆ ಬಾಡಿಗೆಯ ಆದಾಯದಲ್ಲಿ ಮಾಲಕರು ಕಟ್ಟಿದ ನಗರಪಾಲಿಕೆಯ ತೆರಿಗೆಯನ್ನು ಕಳೆದ ಮೇಲೆ ಉಳಿಯುವ ಮೊತ್ತದ ಶೇಕಡಾ 30ನ್ನು ದುರಸ್ತಿ ಮುಂತಾದ ಖರ್ಚುಗಳ ಬಾಬ್ತು ಆದಾಯ ತೆರಿಗೆ ಕಾನೂನು ಬಿಟ್ಟುಕೊಡುತ್ತದೆ. ಲೆಕ್ಕಕ್ಕಾಗಿ ತಿಂಗಳಿಗೆ 25,000 ರೂಪಾಯಿ ಬಾಡಿಗೆ ಎಂದಿಟ್ಟುಕೊಳ್ಳೋಣ. ವರ್ಷಕ್ಕೆ 3,00,000, ಪಾಲಿಕೆಯ ತೆರಿಗೆ 15,000 ಎಂದು ಕಳೆದರೆ 2,85,000, ಅದರ ಶೇಕಡಾ 30 ಎಂದರೆ 85,500 ರೂಪಾಯಿ. ಐದು ವರ್ಷದ ಹಿಂದೆ ಕಟ್ಟಿದ ಫ್ಲ್ಯಾಟಿನ ಮಾಲಕರು ಆ ವರ್ಷ ಒಂದು ನಲ್ಲಿಯನ್ನೂ ಬದಲಾಯಿಸದಿದ್ದರೂ ಅವರಿಗೆ ಈ 85,500 ಸಿಗುತ್ತದೆ. ಹಂಚಿನ ಮನೆಯ ಮಾಲಕರು ಅದೇ ವರ್ಷ ಮಾಡಿನ ಒಂದು ಭಾಗ ಇಳಿಸಿ ಕಟ್ಟಲು ಎರಡು ಲಕ್ಷ ಖರ್ಚು ಮಾಡಿದರೂ ಅವರಿಗೆ ಸಿಗುವುದೂ ಇಷ್ಟೇ. ಲೆಕ್ಕ ಸರಳವಾಗಿರಲಿ ಎಂಬ ಉದ್ದೇಶದ ನಿಯಮ ಇದು. ಆದರೆ ನಿಜವಾಗಿ ದುರಸ್ತಿ ಮಾಡುವವರಿಗೆ ಅದರಿಂದ ಒಂದು ರೂಪಾಯಿಯ ಹೆಚ್ಚುವರಿ ಪ್ರೋತ್ಸಾಹವೂ ಇಲ್ಲ. ಹಳೆಯ ಕಟ್ಟಡಗಳ ವಿಷಯದಲ್ಲಿ ಇದು ಬದಲಾಗಬೇಕು ಎಂದು ನಾನು ಬಲವಾಗಿ ನಂಬಿದ್ದೇನೆ.

ಮಾಲಕರು ವಿದೇಶದಲ್ಲಿದ್ದರೆ ಬಾಡಿಗೆದಾರನ ಮೇಲೆಯೂ ಒಂದು ಹೊಣೆ ಬೀಳುತ್ತದೆ, ಮತ್ತು ಗಲ್ಫಿನ ನಂಟು ಇಷ್ಟು ಗಾಢವಾಗಿರುವ ಊರಿನಲ್ಲಿ ಇದನ್ನು ತಿಳಿದವರು ಆಶ್ಚರ್ಯಪಡುವಷ್ಟು ಕಡಿಮೆ. ಮಾಲಕರು ಭಾರತದ ನಿವಾಸಿಯಾಗಿದ್ದರೆ ತಿಂಗಳ ಬಾಡಿಗೆ 50,000 ರೂಪಾಯಿ ಮೀರಿದಾಗ ಮಾತ್ರ ಬಾಡಿಗೆದಾರ ಮೂಲದಲ್ಲೇ ತೆರಿಗೆ ಮುರಿಯಬೇಕು. ಅದರ ದರ 2024ರ ಅಕ್ಟೋಬರ್ 1ರಿಂದ ಶೇಕಡಾ 5ರಿಂದ 2ಕ್ಕೆ ಇಳಿದಿದೆ. ಮಾಲಕರು ಅನಿವಾಸಿಯಾಗಿದ್ದರೆ ಅಂತಹ ಕನಿಷ್ಠ ಮಿತಿಯೇ ಇಲ್ಲ. ಶೇಕಡಾ 30 ಮತ್ತು ಅದರ ಮೇಲಿನ ಉಪಕರ ಸೇರಿ ಕನಿಷ್ಠ 31.2ರಷ್ಟನ್ನು ಮುರಿದು ಸರಕಾರಕ್ಕೆ ಕಟ್ಟಬೇಕು. 25,000ದ ಬಾಡಿಗೆಯಲ್ಲಿ 7,800 ರೂಪಾಯಿ ಹೀಗೆ ಹೋಗುತ್ತದೆ. ಅದಕ್ಕೆ ಬಾಡಿಗೆದಾರ ಟ್ಯಾನ್ ಎಂಬ, ತೆರಿಗೆ ಮುರಿಯುವವರಿಗೆ ಇಲಾಖೆ ಕೊಡುವ ಸಂಖ್ಯೆ ಪಡೆದು ಮೂರು ತಿಂಗಳಿಗೊಮ್ಮೆ ವಿವರ ಸಲ್ಲಿಸಬೇಕು. ಮಾಲಕರು ಆದಾಯ ತೆರಿಗೆ ಇಲಾಖೆಯಿಂದ ಕಡಿಮೆ ದರದ ಪ್ರಮಾಣಪತ್ರ ಪಡೆದುಕೊಳ್ಳಬಹುದು, ಆದರೆ ಆ ಓಡಾಟಕ್ಕೆ ಒಬ್ಬರು ಊರಲ್ಲಿ ಬೇಕು. ಆ ಕೆಲಸಕ್ಕೂ ಕರಾರಿಗೆ ಸಹಿ ಹಾಕುವುದಕ್ಕೂ ಅಲ್ಲಿಂದ ಕಳಿಸುವ ಅಧಿಕಾರ ಪತ್ರವನ್ನು ಇಲ್ಲಿಗೆ ತಲಪಿದ ಮೂರು ತಿಂಗಳೊಳಗೆ ಮುದ್ರಾಂಕಿತಗೊಳಿಸಬೇಕು ಎಂಬ ನಿಯಮ ಬೇರೆ. ಇಷ್ಟೆಲ್ಲ ಯಾಕೆ ಎಂದು ಊರಲ್ಲಿರುವ ಬಂಧುವಿನ ಹೆಸರಿನಲ್ಲಿ ಬಾಡಿಗೆ ಪಡೆಯುವ ರೂಢಿ ಅಲ್ಲಲ್ಲಿ ಇದೆ. ಅದು ಬಂಧುವಿಗೂ ಬಾಡಿಗೆದಾರನಿಗೂ ಒಳ್ಳೆಯದಲ್ಲ: ಸಂಬಳದಲ್ಲಿ ಮನೆ ಬಾಡಿಗೆ ಭತ್ತೆಯ ವಿನಾಯಿತಿ ಕೇಳುವವರು ಯಾರಿಗೆ ಬಾಡಿಗೆ ಕೊಟ್ಟೆವೆಂದು ಸಾಬೀತು ಮಾಡಬೇಕಾದಾಗ ಮಾಲಕರ ಹೆಸರು ಒಂದು, ರಶೀದಿಯ ಹೆಸರು ಇನ್ನೊಂದು ಆಗಿರುತ್ತದೆ.

ಇಷ್ಟನ್ನು ದಾಟಿ ಬಾಡಿಗೆಗೆ ಬರುವ ದೊಡ್ಡ ಮನೆಗೂ ಕುಟುಂಬಗಳ ಜೊತೆ ಪೈಪೋಟಿ ನಡೆಸುವ ಬೇರೆ ಗಿರಾಕಿಗಳಿದ್ದಾರೆ. 1880ರಲ್ಲಿ ಕಂಕನಾಡಿಯಲ್ಲಿ ಆರಂಭವಾದ ಫಾದರ್ ಮುಲ್ಲರ್ ಆಸ್ಪತ್ರೆ, 1953ರಲ್ಲಿ ಟಿ.ಎಂ.ಎ. ಪೈಗಳು ಸ್ಥಾಪಿಸಿದ ಕಸ್ತೂರ್ಬಾ ವೈದ್ಯಕೀಯ ಕಾಲೇಜು, ಆಮೇಲೆ ಬಂದ ಹಲವು ಕಾಲೇಜುಗಳು ಈ ನಗರವನ್ನು ವಿದ್ಯಾರ್ಥಿಗಳ ಊರನ್ನಾಗಿ ಮಾಡಿವೆ. ನಾಲ್ಕು ಕೋಣೆಯ ಮನೆಯಲ್ಲಿ ಹನ್ನೆರಡು ಮಂಚ ಹಾಕಿ ಪಿಜಿ ನಡೆಸಿದರೆ ಬರುವ ಹಣವನ್ನು ಒಂದು ಕುಟುಂಬ ಕೊಡಲಾರದು. ಕ್ಲಿನಿಕ್ಕು, ಕೋಚಿಂಗ್ ತರಗತಿ, ಗೋದಾಮು ಕೂಡ ಅದೇ ಮನೆಗಳನ್ನು ಹುಡುಕುತ್ತವೆ. ಇದರ ನಡುವೆ, ದೀರ್ಘಕಾಲ ನೆಲೆಸುವ ಸಂಬಳದಾರ ಕುಟುಂಬಗಳನ್ನು ತರುತ್ತಿದ್ದ ಬ್ಯಾಂಕುಗಳ ಸ್ಥಾನವೂ ಕುಂದಿತು: ಇಲ್ಲೇ ಹುಟ್ಟಿದ ವಿಜಯಾ ಬ್ಯಾಂಕ್ 2019ರ ಏಪ್ರಿಲ್‌ನಲ್ಲಿ ಬ್ಯಾಂಕ್ ಆಫ್ ಬರೋಡದೊಳಗೆ, ಪಾಂಡೇಶ್ವರದಲ್ಲಿ ಪ್ರಧಾನ ಕಚೇರಿ ಹೊಂದಿದ್ದ ಕಾರ್ಪೊರೇಶನ್ ಬ್ಯಾಂಕ್ 2020ರ ಏಪ್ರಿಲ್‌ನಲ್ಲಿ ಯೂನಿಯನ್ ಬ್ಯಾಂಕಿನೊಳಗೆ ಸೇರಿಹೋದವು. ಉಳಿದದ್ದು ಬಿಲ್ಡರುಗಳ ಆಕರ್ಷಣೆ. ಎಷ್ಟು ಅಂತಸ್ತು ಕಟ್ಟಬಹುದು ಎಂಬುದು ನಮ್ಮ ನಿಯಮಗಳಲ್ಲಿ ರಸ್ತೆಯ ಅಗಲಕ್ಕೆ ತಳಕು ಹಾಕಿಕೊಂಡಿದೆ. ಇಕ್ಕಟ್ಟಾದ ಬೀದಿ ಅಗಲವಾದ ದಿನವೇ ಅದರ ಬದಿಯ ಹಂಚಿನ ಮನೆ ಬಾಡಿಗೆಯ ಆದಾಯಕ್ಕಿಂತ ಕೆಡವುವ ಬೆಲೆಗೆ ಹೆಚ್ಚು ಬಾಳುತ್ತದೆ.

ಯಾರಿಗೆ ಕೊಡುವುದಿಲ್ಲ ಎಂಬ ಪ್ರಶ್ನೆಯನ್ನೂ ಮುಚ್ಚಿಡಬಾರದು. ಜಾತಿ, ಧರ್ಮ, ಊಟದ ಪದ್ಧತಿ, ಒಂಟಿ ಹೆಣ್ಣುಮಕ್ಕಳು ಎಂಬ ಕಾರಣಗಳಿಗೆ ಮನೆ ನಿರಾಕರಿಸುವುದು ಇಲ್ಲಿ ಬಹಿರಂಗವಾಗಿಯೇ ನಡೆಯುತ್ತದೆ. ಖಾಸಗಿ ಮಾಲಕರು ಬಾಡಿಗೆದಾರರನ್ನು ಆರಿಸಿಕೊಳ್ಳುವಾಗ ಧರ್ಮದ ಆಧಾರದ ಮೇಲೆ ತಾರತಮ್ಯ ಮಾಡಬಾರದೆಂದು ನೇರವಾಗಿ ನಿಷೇಧಿಸುವ ಪ್ರತ್ಯೇಕ ಕಾನೂನು ನಮ್ಮಲ್ಲಿಲ್ಲ. ವೆಂಕಟರಮಣ ದೇವಸ್ಥಾನದಿಂದ ಬಂದರಿನ ಮಸೀದಿಗೂ ಮಿಲಾಗ್ರಿಸ್ ಇಗರ್ಜಿಗೂ ನಡೆದೇ ಹೋಗಬಹುದಾದ ಪೇಟೆಯಿದು. ವ್ಯಾಪಾರದಲ್ಲಿ ಶತಮಾನಗಳಿಂದ ಒಟ್ಟಿಗಿದ್ದವರು ವಾಸದಲ್ಲಿ ಬೇರೆ ಬೇರೆ ಬಡಾವಣೆಗಳಿಗೆ ಸರಿಯುತ್ತಿರುವುದು ನನಗೆ ತೀವ್ರ ನೋವಿನ ಸಂಗತಿ. ದೊಡ್ಡ ಮನೆ ಸಿಗದಿರುವ ಸಂಕಟ ಎಲ್ಲರಿಗೂ ಇದ್ದರೂ ಎಲ್ಲರಿಗೂ ಸಮಾನವಾಗಿಲ್ಲ.

ಜೀವಂತಿಕೆಯ ಬೀದಿಯಲ್ಲಿ ವಾಸಿಸುವುದರ ಬೆಲೆಯನ್ನು ಮೊದಲೇ ತಿಳಿದಿರಬೇಕು. ವೆಂಕಟರಮಣ ದೇವಸ್ಥಾನದ ರಥೋತ್ಸವವಾದ ಕೊಡಿಯಾಲ್ ತೇರಿನ ದಿನಗಳಲ್ಲಿ ರಥಬೀದಿಗೆ ಕಾರು ತರುವ ಮಾತೇ ಇಲ್ಲ. ನವರಾತ್ರಿಯಲ್ಲಿ ಕುದ್ರೋಳಿ ಮತ್ತು ಮಂಗಳಾದೇವಿಯ ಕಡೆ ರಾತ್ರಿಯಿಡೀ ಜನಸಂಚಾರ. ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಧ್ವನಿವರ್ಧಕಕ್ಕೆ 2000ದ ಶಬ್ದಮಾಲಿನ್ಯ ನಿಯಮಗಳ ನಿರ್ಬಂಧವಿದ್ದರೂ ಹಬ್ಬದ ಸಂದರ್ಭಗಳಿಗೆ ವರ್ಷಕ್ಕೆ ಗರಿಷ್ಠ 15 ದಿನ ಮಧ್ಯರಾತ್ರಿಯವರೆಗೆ ಸರಕಾರ ಸಡಿಲಿಕೆ ಕೊಡಬಹುದು. ವಾಹನ ನಿಲ್ಲಿಸುವ ಜಾಗ ಕರಾರಿನಲ್ಲೇ ನಮೂದಾಗಿರಲಿ. ನೀರಿನ ವಿಷಯದಲ್ಲಿ ಹಳೆಯ ಮನೆಗಳಿಗೆ ಬಾವಿಯ ಬಲವಿದೆ: ನೇತ್ರಾವತಿಯ ತುಂಬೆ ಅಣೆಕಟ್ಟಿನಲ್ಲಿ ನೀರು ಇಳಿದು 2019ರ ಬೇಸಿಗೆಯಲ್ಲಿ ನಗರಕ್ಕೆ ಪಾಳಿಯ ಪ್ರಕಾರ ನೀರು ಬಿಟ್ಟಾಗ ಬಾವಿಯುಳ್ಳವರು ನಿಶ್ಚಿಂತರಾಗಿದ್ದರು. ಆದರೆ ಚರಂಡಿ ಸೋರುವ ಕಡೆ ಅದೇ ಬಾವಿ ಕುಡಿಯಲು ಯೋಗ್ಯವಲ್ಲ, ಆದ್ದರಿಂದ ನೀರಿನ ಪರೀಕ್ಷೆ ಮಾಡಿಸದೆ ಅದನ್ನು ಬಾಡಿಗೆಯ ಲೆಕ್ಕಕ್ಕೆ ಸೇರಿಸಬಾರದು. ಗೃಹಜ್ಯೋತಿ ಬಾಡಿಗೆದಾರರಿಗೂ ಅನ್ವಯಿಸುತ್ತದೆ. ಹಿಂದೆ ಇದ್ದವರು ಆ ಮೀಟರಿನಿಂದ ತಮ್ಮ ಆಧಾರ್ ಜೋಡಣೆಯನ್ನು ತೆಗೆಸಿದ್ದಾರೆಯೇ ಎಂದು ನೋಡಿಕೊಳ್ಳಬೇಕು, ಮತ್ತು ದೊಡ್ಡ ಮನೆಯಲ್ಲಿ ತಿಂಗಳ ಬಳಕೆ 200 ಯೂನಿಟ್ ದಾಟಿದರೆ ಪೂರ್ತಿ ಬಿಲ್ಲು ಕಟ್ಟಬೇಕಾಗುತ್ತದೆ.

ಹಾಗಾದರೆ ಇಂತಹ ಮನೆಗೆ ಹೊಂದುವ ಕರಾರು ಹೇಗಿರಬೇಕು? ನನ್ನ ಅಭಿಪ್ರಾಯದಲ್ಲಿ ಮೂರರಿಂದ ಐದು ವರ್ಷದ, ನೋಂದಾಯಿತ ಕರಾರು. ನೋಂದಣಿಯಾಗದೆ ಮೂರು ವರ್ಷವೆಂದು ಬರೆದುಕೊಂಡರೆ ನ್ಯಾಯಾಲಯದಲ್ಲಿ ಆ ಅವಧಿಗೆ ಬೆಲೆಯಿಲ್ಲ, ಅದು ತಿಂಗಳ ಬಾಡಿಗೆಯೆಂದೇ ಪರಿಗಣಿತವಾಗುತ್ತದೆ. ಎಲ್ಲ ಹಕ್ಕುದಾರರು ಒಬ್ಬರಿಗೆ ಅಧಿಕಾರ ಪತ್ರ ಕೊಟ್ಟು, ಬಾಡಿಗೆಯನ್ನು ಪಾಲಿನ ಪ್ರಕಾರ ಹಂಚಿಕೊಳ್ಳುವುದನ್ನೂ ಅದು ಯಾರ ಪಾಲಿನ ಹಕ್ಕಿಗೂ ಬಾಧಕವಲ್ಲ ಎಂಬುದನ್ನೂ ತಮ್ಮೊಳಗೆ ಲಿಖಿತವಾಗಿ ಒಪ್ಪಿಕೊಂಡರೆ ಪಾಲುಪಟ್ಟಿ ಮುಗಿಯುವವರೆಗೆ ಮನೆ ಕಾಯಬೇಕಿಲ್ಲ. ದುರಸ್ತಿಯ ಹಂಚಿಕೆಗೆ ಕೇಂದ್ರ ಸಚಿವ ಸಂಪುಟ 2021ರ ಜೂನ್‌ನಲ್ಲಿ ಅಂಗೀಕರಿಸಿದ ಮಾದರಿ ಬಾಡಿಗೆ ಕಾಯ್ದೆಯ ಪಟ್ಟಿ ಒಳ್ಳೆಯ ಆಧಾರ. ರಾಜ್ಯ ತನ್ನದೇ ಕಾಯ್ದೆಯಾಗಿ ತಂದಾಗ ಮಾತ್ರ ಅದಕ್ಕೆ ಕಾನೂನಿನ ಬಲ, ಆದರೆ ಅದರ ಅಂಶಗಳನ್ನು ಕರಾರಿಗೆ ಎತ್ತಿಕೊಳ್ಳಲು ಅಡ್ಡಿಯಿಲ್ಲ. ಕಟ್ಟಡದ ಮೂಲಭೂತ ದುರಸ್ತಿ, ಸುಣ್ಣಬಣ್ಣ, ಕೊಳವೆ ಮತ್ತು ವಿದ್ಯುತ್ ತಂತಿಯ ಬದಲಾವಣೆ ಮಾಲಕರದು. ನಲ್ಲಿ, ಸ್ವಿಚ್ಚು, ಚರಂಡಿಯ ಶುಚಿಯಂತಹ ದಿನನಿತ್ಯದ ಕೆಲಸ ಬಾಡಿಗೆದಾರನದು. ವಾಸದ ಮನೆಗೆ ಮುಂಗಡ ಎರಡು ತಿಂಗಳ ಬಾಡಿಗೆಯನ್ನು ಮೀರಬಾರದು ಎಂದೂ ಅದರಲ್ಲಿದೆ. ಬೆಂಗಳೂರಿನ ಹತ್ತು ತಿಂಗಳ ಪದ್ಧತಿಯನ್ನು ಇಲ್ಲಿಗೂ ತರಲು ಹೊರಟವರಿಗೆ ಇದನ್ನು ತೋರಿಸಬಹುದು.

ನಮ್ಮ ಮನೆಗಳಿಗೆ ಆ ಪಟ್ಟಿಯಲ್ಲಿಲ್ಲದ ಒಂದೆರಡು ಸಾಲು ಸೇರಬೇಕು. ಪ್ರತಿ ವರ್ಷ ಮೇ ಮಧ್ಯದೊಳಗೆ ಹಂಚು ಕೈಯಾಡಿಸುವುದು ಬಾಡಿಗೆದಾರನ ಉಸ್ತುವಾರಿ, ಅದರ ಖರ್ಚು ರಶೀದಿಯ ಮೇಲೆ ಜೂನ್ ತಿಂಗಳ ಬಾಡಿಗೆಯಿಂದ ಕಡಿತ. ಪಕಾಸು, ತೊಲೆ, ಗೆದ್ದಲಿನ ಕೆಲಸ ಮಾಲಕರದ್ದೇ. ಮೂರನೇ ವರ್ಷದವರೆಗೆ ಬಾಡಿಗೆ ಏರಿಕೆ ಇಂತಿಷ್ಟು ಎಂಬುದು ಮೊದಲ ದಿನವೇ ಬರೆದಿರಬೇಕು. ಮನೆಯನ್ನು ಒಪ್ಪಿಕೊಳ್ಳುವ ಮುನ್ನ ತುಳುವರ ಆಟಿ ತಿಂಗಳಲ್ಲಿ, ಅಂದರೆ ಜುಲೈ ಆಗಸ್ಟಿನ ನಡುವೆ, ಜೋರು ಮಳೆಯ ದಿನ ಒಮ್ಮೆ ಒಳಗೆ ಹೋಗಿ ಉಪ್ಪರಿಗೆಯ ಮೂಲೆ ಮೂಲೆ ನೋಡಿ ಫೋಟೋ ತೆಗೆದುಕೊಳ್ಳಲು ಸಾಧ್ಯವಾದರೆ ಅದಕ್ಕಿಂತ ಒಳ್ಳೆಯ ತಪಾಸಣೆ ಇಲ್ಲ. ಬೇಸಿಗೆಯಲ್ಲೇ ತೀರ್ಮಾನಿಸಬೇಕಾಗಿ ಬಂದರೆ ಮುಚ್ಚಿಗೆಯ ಹಲಗೆಗಳ ಮೇಲಿನ ನೀರಿನ ಕಲೆ ನೋಡಬೇಕು, ಪಕಾಸಿನ ತುದಿಯನ್ನು ಬೆರಳಿನಿಂದ ಒತ್ತಿ ಮರ ಟೊಳ್ಳಾಗಿದೆಯೇ ಎಂದು ಪರೀಕ್ಷಿಸಬೇಕು, ಹಿಂದಿನ ಮಳೆಗಾಲಕ್ಕೆ ಮುನ್ನ ಮಾಡು ಹತ್ತಿದ ಕೆಲಸದವರು ಯಾರೆಂದು ಕೇಳಿ ಅವರೊಡನೆಯೇ ಮಾತಾಡಬೇಕು. ಕರಾರಿಗೆ ಲಗತ್ತಿಸುವ ಸಾಮಾನು ಪಟ್ಟಿಯ ಜೊತೆ ಈ ಫೋಟೋಗಳನ್ನೂ ಅವುಗಳ ದಿನಾಂಕ ಸಹಿತ ಸೇರಿಸಿ ಎರಡೂ ಕಡೆಯವರು ಸಹಿ ಹಾಕಿಕೊಂಡರೆ, ಮನೆ ಬಿಡುವಾಗ ಮುಂಗಡದಿಂದ ಎಷ್ಟು ಮುರಿಯಬೇಕೆಂಬ ಚರ್ಚೆಗೆ ಒಂದು ಆಧಾರವಾದರೂ ಇರುತ್ತದೆ.